ಸಾರಥಿಯನ್ನು ಆರಿಸುವ ಮುನ್ನ

ಬ್ಯಾಂಕಿನ ಮುದ್ದತು ಠೇವಣಿ, ಅಂಚೆ ಕಚೇರಿಯ ಉಳಿತಾಯ ಪತ್ರ, ಪ್ರಾವಿಡೆಂಟ್ ಫಂಡು, ಮಗಳ ಮದುವೆಗೆಂದು ಕೂಡಿಸಿಟ್ಟ ಒಂದಿಷ್ಟು ಬಂಗಾರ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮಂಥವರ ಉಳಿತಾಯವೆಲ್ಲ ಬಹುಕಾಲ ಈ ನಾಲ್ಕು ಗೋಡೆಗಳ ಒಳಗೇ ಇತ್ತು. ಈಗ ಹಾಗಿಲ್ಲ. 2020ರ ಮಾರ್ಚಿನಲ್ಲಿ ದೇಶದಲ್ಲಿ ಸುಮಾರು 4 ಕೋಟಿಯಷ್ಟಿದ್ದ ಡಿಮ್ಯಾಟ್ ಖಾತೆಗಳ ಸಂಖ್ಯೆ 2025ರಲ್ಲಿ 20 ಕೋಟಿಯನ್ನು ದಾಟಿತು. ಖಾತೆ ತೆರೆಯುವುದೇನೋ ಹತ್ತು ನಿಮಿಷದ ಕೆಲಸ. ತೆರೆದ ಮೇಲೆ ಏಳುವ ಮೊದಲ ಪ್ರಶ್ನೆ, ಯಾವ ಷೇರು ಕೊಳ್ಳಬೇಕು? ಅದರ ಬೆನ್ನಿಗೇ ಬರುವ ಎರಡನೆಯ ಪ್ರಶ್ನೆ, ಯಾರನ್ನು ಕೇಳಬೇಕು?

ಊರಿನಲ್ಲಿ ಒಂದು ಜೊತೆ ಎತ್ತು ಕೊಳ್ಳುವುದಿದ್ದರೂ ತಿಳಿದ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಜಾತ್ರೆಗೆ ಹೋಗುವ ರೂಢಿಯಿತ್ತು. ಅವರು ಸಲಹೆಗೆ ಕಾಸು ಕೇಳುತ್ತಿರಲಿಲ್ಲ. ಆದರೆ ಅದಕ್ಕೆ ಅವರ ಮರ್ಯಾದೆಯೇ ಒತ್ತೆಯಾಗಿರುತ್ತಿತ್ತು. ಎತ್ತು ಕುಂಟಿದರೆ ಮಾರನೆಯ ದಿನ ಅದೇ ಅರಳಿಕಟ್ಟೆಯ ಮೇಲೆ ಮುಖ ತೋರಿಸಬೇಕಲ್ಲ! ನಗರದಲ್ಲಿ ಆ ಹಿರಿಯರ ಜಾಗವನ್ನು ಈಗ ಚಂದಾ ಪಡೆದು ಸಲಹೆ ಕೊಡುವ ಸಂಸ್ಥೆಗಳು ತುಂಬಿವೆ. ಕೆಲವು ತಿಂಗಳಿಗೆ ಒಂದೋ ಎರಡೋ ಷೇರುಗಳನ್ನು ಆರಿಸಿ, ಉದ್ದನೆಯ ವರದಿಯೊಡನೆ ಕಳುಹಿಸುತ್ತವೆ. ಕೆಲವು ದಿನಬೆಳಗಾದರೆ ‘ಕೊಳ್ಳಿ’, ‘ಮಾರಿ’ ಎಂದು ಮೊಬೈಲಿಗೆ ಸಂದೇಶ ಕಳುಹಿಸುತ್ತವೆ. ಇನ್ನು ಕೆಲವು ಯಾವ ಸಲಹೆಯನ್ನೂ ಕೊಡದೆ, ಕಂಪನಿಗಳ ಹತ್ತು ವರ್ಷದ ಲೆಕ್ಕಪತ್ರಗಳನ್ನು ಓದಲು ಅನುಕೂಲವಾಗುವಂತೆ ಜೋಡಿಸಿ ಕೊಡುತ್ತವೆ.

ಇವುಗಳಲ್ಲಿ ಯಾವುದು ಒಳ್ಳೆಯದು? ಯಾವ ಕಂಪನಿಯ ಮಿಕ್ಸರ್ ಒಳ್ಳೆಯದು ಎಂದು ಕೇಳುವ ಧಾಟಿಯಲ್ಲೇ ಜನ ಇದನ್ನೂ ಕೇಳುತ್ತಾರೆ. ನಮಗೆ ತೋರುವಂತೆ, ಈ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಅಡಗಿದೆ. ಚಂದಾ ಕಟ್ಟುವಾಗ ನಾವು ಕೊಳ್ಳುತ್ತಿರುವುದು ಏನನ್ನು? ತಿಳಿವಳಿಕೆಯನ್ನೋ, ನಮ್ಮ ಹೊಣೆಯನ್ನು ಇಳಿಸಿಡಲು ಇನ್ನೊಬ್ಬರ ಹೆಗಲನ್ನೋ?

ಮೊದಲು ತಿಳಿವಳಿಕೆಯ ಮಾತು. ಅಮೆರಿಕದಲ್ಲಿ ಆಲ್ಫ್ರೆಡ್ ಕೌಲ್ಸ್ ಎಂಬ ಶ್ರೀಮಂತರೊಬ್ಬರು ಇಂಥ ಹಲವು ಸೇವೆಗಳಿಗೆ ಚಂದಾ ಕಟ್ಟಿದ್ದರು. 1929ರಲ್ಲಿ ಷೇರುಪೇಟೆ ಕುಸಿದು ಬಿತ್ತು. ಇವರು ಹೇಳುವುದರಲ್ಲಿ ನಿಜವೆಷ್ಟು ಎಂದು ಪರೀಕ್ಷಿಸಲು ಅವರು ಹೊರಟರು. 16 ಸಲಹಾ ಸೇವೆಗಳು ಸುಮಾರು ನಾಲ್ಕೂವರೆ ವರ್ಷಗಳಲ್ಲಿ ಕೊಟ್ಟಿದ್ದ ಏಳು ಸಾವಿರಕ್ಕೂ ಮಿಕ್ಕಿದ ಸಲಹೆಗಳನ್ನು ಕಲೆಹಾಕಿ, ಲೆಕ್ಕ ಹಾಕಿ, ಫಲಿತಾಂಶವನ್ನು 1933ರಲ್ಲಿ ಪ್ರಕಟಿಸಿದರು. ಆ ಸಲಹೆಗಳಂತೆ ನಡೆದವನಿಗೆ ಪೇಟೆಯ ಸರಾಸರಿಗಿಂತ ವರ್ಷಕ್ಕೆ ಶೇಕಡ 1.4ರಷ್ಟು ಕಡಿಮೆ ಬರುತ್ತಿತ್ತು. ಅದೃಷ್ಟದ ಚೀಟಿ ಎತ್ತಿದ್ದರೆ ಸಿಗಬಹುದಾದ ಫಲಕ್ಕಿಂತ ಅದು ಮೇಲಾಗಿರಲಿಲ್ಲ. ಇದು ಅಂದಿನ ಅಮೆರಿಕದ ಕಥೆ. ಇಂದಿನ ಎಲ್ಲ ಸೇವೆಗಳೂ ಹಾಗೆಯೇ ಎಂದು ಹೇಳುವುದು ನ್ಯಾಯವಲ್ಲ. ಆದರೂ ಚಂದಾ ಕಟ್ಟುವವನು ಪರೀಕ್ಷೆಯ ಭಾರವನ್ನು ಯಾರ ಮೇಲೆ ಹೊರಿಸಬೇಕು ಎಂಬುದನ್ನು ಇದು ಕಲಿಸುತ್ತದೆ. ‘ನಮಗೆ ಗೊತ್ತಿದೆ’ ಎನ್ನುವವರೇ ಅದನ್ನು ತೋರಿಸಿಕೊಡಬೇಕು.

ತೋರಿಸಿಕೊಡುವುದೆಂದರೆ ಜಾಹೀರಾತಿನಲ್ಲಿ ನಾಲ್ಕು ಗೆದ್ದ ಷೇರುಗಳ ಹೆಸರು ಹಾಕುವುದಲ್ಲ. ಒಂದು ಚಿಕ್ಕ ಲೆಕ್ಕ ನೋಡೋಣ. ಒಬ್ಬ ಠಕ್ಕ 1,600 ಜನರಿಗೆ ಕಾಗದ ಬರೆಯುತ್ತಾನೆ. ‘ಈ ವಾರ ಇಂಥ ಷೇರು ಏರುತ್ತದೆ’ ಎಂದು 800 ಜನರಿಗೆ, ‘ಇಳಿಯುತ್ತದೆ’ ಎಂದು ಉಳಿದ 800 ಜನರಿಗೆ. ವಾರದ ಕೊನೆಗೆ ಯಾರಿಗೆ ಸರಿಯಾದ ಕಾಗದ ಹೋಗಿತ್ತೋ ಅವರನ್ನು ಮಾತ್ರ ಉಳಿಸಿಕೊಂಡು ಮತ್ತೆ ಎರಡು ಪಾಲು ಮಾಡುತ್ತಾನೆ. ಐದು ವಾರ ಕಳೆಯುವಷ್ಟರಲ್ಲಿ 50 ಜನ ಉಳಿದಿರುತ್ತಾರೆ. ಅವರ ಪಾಲಿಗೆ ಅವನು ತ್ರಿಕಾಲಜ್ಞಾನಿ! ಐದಕ್ಕೆ ಐದೂ ನಿಜವಾದುದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಕಾಣದೆ ಉಳಿದದ್ದು 1,550 ಜನರಿಗೆ ಹೋದ ಸುಳ್ಳು ಕಾಗದ. ಠಕ್ಕತನವೇ ಇಲ್ಲದಿದ್ದರೂ, ನೂರಾರು ಸೇವೆಗಳಿರುವ ಕಡೆ ಕೆಲವು ಬರಿಯ ಅದೃಷ್ಟದಿಂದಲೇ ಎರಡು ಮೂರು ವರ್ಷ ಗೆಲ್ಲುತ್ತವೆ. ಆದ್ದರಿಂದ ತನ್ನ ಸೋತ ಸಲಹೆಗಳನ್ನೂ ದಿನಾಂಕದೊಡನೆ ತೆರೆದಿಡುವ ಸೇವೆ, ಗೆದ್ದದ್ದನ್ನು ಮಾತ್ರ ಕೂಗಿ ಹೇಳುವ ಸೇವೆಗಿಂತ ಮೇಲು.

ಬೆಲೆಯದೂ ಒಂದು ಲೆಕ್ಕವಿದೆ. ವರ್ಷಕ್ಕೆ 10,000 ರೂಪಾಯಿ ಚಂದಾ ಎಂದುಕೊಳ್ಳೋಣ. 20 ಲಕ್ಷ ಹೂಡಿದವನಿಗೆ ಅದು ಶೇಕಡ ಅರ್ಧ. 2 ಲಕ್ಷ ಹೂಡಿದವನಿಗೆ ಶೇಕಡ 5. ಅಂದರೆ ಎರಡನೆಯವನು ಪೇಟೆಯ ಸರಾಸರಿಗಿಂತ ಶೇಕಡ 5 ಹೆಚ್ಚು ಗಳಿಸಿದರೆ ಮಾತ್ರ ಚಂದಾ ಕಟ್ಟದವನಿಗೆ ಸಮನಾಗುತ್ತಾನೆ. ಸಲಹೆ ಒಂದೇ, ಬೆಲೆ ಮಾತ್ರ ಬಡವನಿಗೆ ಹತ್ತು ಪಟ್ಟು. ಚಿಕ್ಕ ಉಳಿತಾಯದವರು ಪೇಟೆಯ ಸೂಚ್ಯಂಕವನ್ನೇ ಅನುಸರಿಸುವ ಮ್ಯೂಚುವಲ್ ಫಂಡಿನಲ್ಲಿ ಹಣವಿಟ್ಟು ಸುಮ್ಮನಿರುವುದು ಎಷ್ಟೋ ವಾಸಿ.

ಇನ್ನು ಹೊಣೆಯ ಮಾತು. ಕುರುಕ್ಷೇತ್ರಕ್ಕೆ ಮುನ್ನ ಕೃಷ್ಣನ ಬಳಿಗೆ ಇಬ್ಬರು ಬಂದ ಕಥೆ ಎಲ್ಲರಿಗೂ ಗೊತ್ತು. ದುರ್ಯೋಧನನಿಗೆ ಸೈನ್ಯ ದೊರೆಯಿತು, ಅರ್ಜುನನಿಗೆ ಆಯುಧ ಹಿಡಿಯದ ಕೃಷ್ಣ. ಅರ್ಜುನ ಪಡೆದದ್ದು ಒಬ್ಬ ಸಲಹೆಗಾರನನ್ನು. ಆ ಸಲಹೆಗಾರ ರಥ ನಡೆಸಿದ, ದಾರಿ ತೋರಿಸಿದ, ಹದಿನೆಂಟು ಅಧ್ಯಾಯ ಬೋಧಿಸಿದ. ಕೊನೆಗೆ, ಇದೆಲ್ಲವನ್ನೂ ಚೆನ್ನಾಗಿ ವಿಮರ್ಶಿಸಿ ನಿನಗೆ ತೋಚಿದಂತೆ ಮಾಡು ಎಂದು ಅವನಿಗೇ ಬಿಟ್ಟ. ಗಾಂಡೀವ ಅರ್ಜುನನ ಕೈಯಲ್ಲೇ ಉಳಿಯಿತು. ಗೆಲುವಿನ ಹಾಗೆಯೇ ಕೊಂದ ದುಃಖವೂ ಅವನದೇ ಆಯಿತು. ಸಾಕ್ಷಾತ್ ಭಗವಂತನೇ ಸಾರಥಿಯಾದರೂ ಬಾಣ ಬಿಟ್ಟವನ ಹೊಣೆ ಇಳಿಯಲಿಲ್ಲವೆಂದ ಮೇಲೆ, ವರ್ಷಕ್ಕಿಷ್ಟು ಎಂದು ಚಂದಾ ಪಡೆಯುವ ಸಂಸ್ಥೆಯಿಂದ ಅದು ಇಳಿದೀತೆ?

ಅದೇ ಯುದ್ಧದಲ್ಲಿ ಇನ್ನೊಬ್ಬ ಸಾರಥಿಯಿದ್ದ. ತಾಳಮದ್ದಳೆಯಲ್ಲಿ ಕರ್ಣಪರ್ವ ಕೇಳಿದವರಿಗೆ ಶಲ್ಯನನ್ನು ಪರಿಚಯಿಸಬೇಕಾಗಿಲ್ಲ. ಕುಳಿತದ್ದು ಕರ್ಣನ ರಥದಲ್ಲಿ, ಮಾತು ಕೊಟ್ಟದ್ದು ಧರ್ಮರಾಯನಿಗೆ. ಅವನ ಕುಶಲತೆಗೆ ಕೊರತೆಯಿರಲಿಲ್ಲ, ಹಿತ ಮಾತ್ರ ಬೇರೆಡೆ ಇತ್ತು. ಷೇರುಪೇಟೆಯಲ್ಲೂ ಶಲ್ಯ ಸಾರಥ್ಯದ ಭಯವೇ ಎಲ್ಲಕ್ಕಿಂತ ದೊಡ್ಡದು. ಸಲಹೆ ಕೊಡುವವನು ಆ ಷೇರನ್ನು ತಾನೇ ಮೊದಲು ಕೊಂಡಿಟ್ಟು, ನಾವು ಕೊಂಡು ಬೆಲೆ ಏರಿಸಿದ ಮೇಲೆ ನಮಗೇ ಮಾರಿದರೆ? ಇದನ್ನು ತಡೆಯಲೆಂದೇ ಸೆಬಿ 2014ರಲ್ಲಿ ಸಂಶೋಧನಾ ವಿಶ್ಲೇಷಕರಿಗಾಗಿ ನಿಯಮಾವಳಿ ತಂದಿತು. ವಿಶ್ಲೇಷಕನು ನೋಂದಾಯಿಸಿಕೊಂಡಿರಬೇಕು. ಆ ಕಂಪನಿಯಲ್ಲಿ ತನಗೆ ಹಣಕಾಸಿನ ಹಿತಾಸಕ್ತಿ ಇದೆಯೇ, ಕಳೆದ 12 ತಿಂಗಳಲ್ಲಿ ಅದರಿಂದ ಏನಾದರೂ ಹಣ ಪಡೆದಿದ್ದಾನೆಯೇ ಎಂಬುದನ್ನು ವರದಿಯಲ್ಲೇ ತಿಳಿಸಬೇಕು. ಇಷ್ಟು ಲಾಭ ಖಂಡಿತ ಎಂದು ಭರವಸೆ ಕೊಡುವಂತಿಲ್ಲ. ಇಂಥ ಭರವಸೆ ಕಂಡ ಕೂಡಲೇ ಆ ಕಾಗದವನ್ನು ಮಡಿಚಿಡುವುದು ಕ್ಷೇಮ. ಹಿತಾಸಕ್ತಿಯ ವಿವರಗಳು ವರದಿಯ ಕಡೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿರುತ್ತವೆ. ಓದಬೇಕಾದದ್ದು ಅಲ್ಲಿಂದಲೇ.

ನೋಂದಣಿಯಲ್ಲೂ ಎರಡು ಬಗೆಯಿದೆ. ‘ಐಎನ್‌ಎಚ್’ ಎಂದು ತೊಡಗುವ ಸಂಖ್ಯೆ ಸಂಶೋಧನಾ ವಿಶ್ಲೇಷಕರದು, ‘ಐಎನ್‌ಎ’ ಎಂದು ತೊಡಗುವುದು ಹೂಡಿಕೆ ಸಲಹೆಗಾರರದು. ಹೂಡಿಕೆ ಸಲಹೆಗಾರ ನಮ್ಮ ವಯಸ್ಸು, ವರಮಾನ, ಸಾಲ, ನಷ್ಟ ತಾಳುವ ಶಕ್ತಿ ಇವನ್ನೆಲ್ಲ ಕೇಳಿ ತಿಳಿದು ಹೇಳತಕ್ಕವನು. ಸಂಶೋಧನಾ ವಿಶ್ಲೇಷಕ ಚಂದಾದಾರರೆಲ್ಲರಿಗೂ ಒಂದೇ ಮಾತು ಹೇಳುವವನು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಕಾಯಿಲೆ ಬಂದರೆ ವೈದ್ಯರ ಮಾತನ್ನು ನಂಬುತ್ತೇವೆ, ಷೇರಿನ ವಿಷಯದಲ್ಲಿ ತಜ್ಞರನ್ನು ನಂಬಿದರೆ ತಪ್ಪೇನು? ಆಕ್ಷೇಪದಲ್ಲಿ ಹುರುಳಿದೆ. ದಿನವಿಡೀ ಕಚೇರಿಯಲ್ಲಿ ದುಡಿದು, ಲೋಕಲ್ ರೈಲಿನಲ್ಲೋ ಬಸ್ಸಿನಲ್ಲೋ ನಿಂತು ಮನೆಗೆ ಬರುವವನಿಗೆ 200 ಪುಟದ ವಾರ್ಷಿಕ ವರದಿ ಓದಲು ಪುರಸೊತ್ತೆಲ್ಲಿ? ಓದುವ ಶ್ರಮವನ್ನು ಇನ್ನೊಬ್ಬರಿಂದ ಹಣ ಕೊಟ್ಟು ಪಡೆಯುವುದು ಪ್ರಾಮಾಣಿಕ ವ್ಯವಹಾರವೇ. ಆದರೆ ವೈದ್ಯರು ನಮ್ಮ ನಾಡಿ ಹಿಡಿದು ನೋಡಿರುತ್ತಾರೆ. ತಿಂಗಳ ವರದಿ ಬರೆದವನು ನಮ್ಮ ನಾಡಿಯನ್ನು ಹಿಡಿದಿಲ್ಲ. ಬರುವ ಜೂನಿನಲ್ಲಿ ಮಗನ ಕಾಲೇಜಿನ ಫೀಜು ಕಟ್ಟಬೇಕಾದದ್ದು, ಊರಿನಲ್ಲಿ ತಾಯಿಗೆ ಕಣ್ಣಿನ ಶಸ್ತ್ರಚಿಕಿತ್ಸೆ ಆಗಬೇಕಾದದ್ದು ಅವನಿಗೆ ತಿಳಿಯದು. ಈ ಷೇರು ಒಳ್ಳೆಯದೇ ಎಂಬ ಅರ್ಧ ಪ್ರಶ್ನೆಗೆ ಮಾತ್ರ ಅವನ ಉತ್ತರ. ಈ ಮನೆಗೆ, ಈ ಹಣಕ್ಕೆ, ಈ ವರ್ಷ ಇದು ಒಳ್ಳೆಯದೇ ಎಂಬ ಉಳಿದರ್ಧವನ್ನು ಮನೆಯವರೇ ಕುಳಿತು ತೀರ್ಮಾನಿಸಬೇಕು. ‘ಮನೆಯವರೇ’ ಎಂದೆವು. ಹೆಂಡತಿಗೆ ತಿಳಿಸದೆ ಅಪರಿಚಿತ ವಿಶ್ಲೇಷಕನ ಮಾತಿಗೆ ಕಿವಿಗೊಡುವ ಗಂಡಸರು ನಮ್ಮ ನಡುವೆ ಕಡಿಮೆಯಿಲ್ಲ. ಉಳಿತಾಯವಾದದ್ದು ಇಬ್ಬರ ಹಿಡಿತದಿಂದ ಎಂಬುದು ಮರೆತುಹೋಗುತ್ತದೆ.

ದಿನಕ್ಕೆ ಮೂರು ಸಂದೇಶ ಕಳುಹಿಸುವ ಸೇವೆಗಳಲ್ಲಿ ಈ ತೀರ್ಮಾನಕ್ಕೆ ಅವಕಾಶವೇ ಇಲ್ಲ. ಯೋಚಿಸುವಷ್ಟರಲ್ಲಿ ಬೆಲೆ ಓಡಿಹೋಗಿರುತ್ತದೆ. ಅವುಗಳಲ್ಲಿ ಎಷ್ಟೋ ನಮ್ಮನ್ನು ಎಳೆಯುವುದು ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರಕ್ಕೆ. 2022ರಿಂದ 2024ರವರೆಗಿನ ಮೂರು ಆರ್ಥಿಕ ವರ್ಷಗಳಲ್ಲಿ ಅದರಲ್ಲಿ ತೊಡಗಿದ ವೈಯಕ್ತಿಕ ವಹಿವಾಟುದಾರರಲ್ಲಿ 100ಕ್ಕೆ 93 ಮಂದಿ ಹಣ ಕಳೆದುಕೊಂಡರೆಂದೂ, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೆ ಮೀರಿತೆಂದೂ ಸೆಬಿಯೇ 2024ರಲ್ಲಿ ಲೆಕ್ಕ ಕೊಟ್ಟಿದೆ. ನಮ್ಮಂಥ ಕೇಂದ್ರ ಸರ್ಕಾರಿ ನೌಕರರಿಗಂತೂ 1964ರ ನಡತೆ ನಿಯಮಗಳ 16ನೆಯ ನಿಯಮವೇ ಅಡ್ಡ ಬರುತ್ತದೆ. ಷೇರು ಮೇಲಿಂದ ಮೇಲೆ ಕೊಂಡು ಮಾರುವುದನ್ನು ಅದು ಸಟ್ಟಾ ಎಂದೇ ಎಣಿಸಿ ನಿಷೇಧಿಸುತ್ತದೆ. ನೌಕರರಲ್ಲದವರೂ ಆ ನಿಯಮವನ್ನು ತಾವಾಗಿ ಹಾಕಿಕೊಂಡರೆ ನಷ್ಟವಿಲ್ಲ.

ನಮ್ಮ ಸಂಘಗಳಿಗೇ ಸಂಬಂಧಿಸಿದ ಒಂದು ಮಾತೂ ಇದೆ. ಒಬ್ಬರು ಚಂದಾ ಕಟ್ಟಿ ಐದು ಮನೆಯವರು ಓದುವುದು, ರಾಜ್ಯೋತ್ಸವದ ಕಾರ್ಯಕ್ರಮ ಮುಗಿದು ಕಾಫಿ ಕುಡಿಯುವಾಗ ‘ಇದನ್ನು ತೊಗೊಳ್ಳಿ ಸಾರ್, ಖಂಡಿತ ಏರುತ್ತೆ’ ಎಂದು ಕಿವಿಯಲ್ಲಿ ಹೇಳುವುದು ಅಪರೂಪವೇನಲ್ಲ. ಉದ್ದೇಶ ಒಳ್ಳೆಯದೇ. ಆದರೆ ಆ ಕ್ಷಣದಿಂದ ಹೇಳಿದವರೇ ಸಲಹೆಗಾರರಾಗುತ್ತಾರೆ. ವಿಶ್ಲೇಷಕ ಬರೆದಿದ್ದ ಎಚ್ಚರಿಕೆಗಳೆಲ್ಲ ದಾರಿಯಲ್ಲಿ ಉದುರಿಹೋಗಿ, ಷೇರಿನ ಹೆಸರು ಮಾತ್ರ ಕಿವಿಯಿಂದ ಕಿವಿಗೆ ಸಾಗುತ್ತದೆ. ಹಣ ಕಳೆದುಕೊಂಡವರು ಮುಂದಿನ ಕಾರ್ಯಕ್ರಮಕ್ಕೆ ಬಾರದೆ ಹೋದಾರು. ಪರಸ್ಥಳದಲ್ಲಿ ನಮಗಿರುವ ನಾಲ್ಕು ಜನರ ಸ್ನೇಹವನ್ನು ಹೀಗೆ ಪಣಕ್ಕೊಡ್ಡುವುದು ಸಲ್ಲದು.

ಹಾಗಾದರೆ ಯಾವುದಕ್ಕೆ ಚಂದಾ ಕಟ್ಟಬೇಕು? ಬರಿಯ ಹೆಸರನ್ನಲ್ಲ, ಕಾರಣವನ್ನು ಹೇಳುವುದಕ್ಕೆ. ತನ್ನ ಹಿತಾಸಕ್ತಿಯನ್ನೂ ಸೋಲನ್ನೂ ಮುಚ್ಚಿಡದಿರುವುದಕ್ಕೆ. ವರ್ಷ ಕಳೆದಂತೆ ನಮಗೇ ಲೆಕ್ಕಪತ್ರ ಓದುವುದನ್ನು ಕಲಿಸುವುದಕ್ಕೆ. ಕಟ್ಟಿದ ಮೇಲೂ ಒಂದು ಪದ್ಧತಿ ಇಟ್ಟುಕೊಳ್ಳಬಹುದು. ಕೊಳ್ಳುವ ಮುನ್ನ ಒಂದು ನೋಟುಪುಸ್ತಕದಲ್ಲಿ ನಾಲ್ಕು ಸಾಲು ಬರೆಯುವುದು: ಈ ಕಂಪನಿ ಏನು ಮಾಡುತ್ತದೆ, ಏಕೆ ಕೊಳ್ಳುತ್ತಿದ್ದೇವೆ, ಎಷ್ಟು ಕಳೆದುಕೊಂಡರೆ ತಾಳಬಲ್ಲೆವು, ಯಾವ ಕಾರಣಕ್ಕೆ ಮಾರುತ್ತೇವೆ. ವರದಿಯ ಮಾತನ್ನು ನಕಲು ಮಾಡದೆ, ಮನೆಯಲ್ಲಿ ಆಡುವ ಕನ್ನಡದಲ್ಲಿ ಬರೆಯಬೇಕು. ಆ ನಾಲ್ಕು ಸಾಲು ಹುಟ್ಟದಿದ್ದರೆ ಆ ಷೇರು ನಮಗಲ್ಲ. ಹುಟ್ಟಿದರೆ, ಏರಲಿ ಇಳಿಯಲಿ, ಪುಟ ತಿರುಗಿಸಿ ನೋಡಿದಾಗ ಕಾಣುವುದು ನಮ್ಮದೇ ಕೈಬರಹ.