ಯಾವ ಮೀನಿಗೆ ಉಪಕಾರ?

ನಾನಿರುವ ಹಡಪಸರದ ಉತ್ತರಕ್ಕೆ ಮುಳಾ-ಮುಠಾ ನದಿ ಊರಿನ ಕೊಳಚೆಯನ್ನೆಲ್ಲ ಹೊತ್ತು ಹರಿಯುತ್ತದೆ. ಪುಣೆಯ ಪೂರ್ವದ ಇದೇ ನೀರಿನ ಮಹಶೀರ್ ಮೀನನ್ನು ಬ್ರಿಟಿಷ್ ಸೇನಾಧಿಕಾರಿ ಸೈಕ್ಸ್ 1839ರಲ್ಲಿ ವಿವರಿಸಿದ. ಅದರ ಇಂದಿನ ಹೆಸರು ಟಾರ್ ಖುದ್ರೀ. ನಮ್ಮ ಕಾವೇರಿ ಸೀಮೆಯ ಮಹಶೀರ್ ಬೇರೆ. ಅದಕ್ಕೆ ಡುಬ್ಬದ ಬೆನ್ನು, ದೈತ್ಯ ಗಾತ್ರ. 1946ರಲ್ಲಿ ಕಬಿನಿಯಲ್ಲಿ ವಾನ್ ಇಂಗೆನ್ ಗಾಳಕ್ಕೆ ಸಿಕ್ಕಿದ್ದು 120 ಪೌಂಡ್ ತೂಗಿತ್ತು.

1970ರ ದಶಕದಿಂದ ಲೋಣಾವಳದ ಟಾಟಾ ಕೇಂದ್ರದಲ್ಲಿ ಖುದ್ರೀ ಮರಿ ಮಾಡಿಸಿದರು. ಮಹಶೀರ್ ಸಂತತಿ ಉಳಿಯಲೆಂದು ಅವನ್ನು ಹಲವು ನದಿಗಳಿಗೆ ಬಿಟ್ಟರು, ಕಾವೇರಿಗೂ ಬಿಟ್ಟರು. ಅಲ್ಲಿ ನೀಲಿ ರೆಕ್ಕೆಯ ಹೊಸ ಮೀನು ಹೆಚ್ಚಿತು, ಡುಬ್ಬದ ಮೀನು ಅಪರೂಪವಾಯಿತು. ಅಣೆಕಟ್ಟು, ಸಿಡಿಮದ್ದುಗಳ ಜೊತೆಗೆ ಇದನ್ನೂ ಸಂಶೋಧಕರು ಒಂದು ಕಾರಣವೆನ್ನುತ್ತಾರೆ.

ವಿಚಿತ್ರವೆಂದರೆ, ಅಷ್ಟು ಪ್ರಸಿದ್ಧವಾದ ಡುಬ್ಬದ ಮೀನಿಗೆ ಆಗ ಸರಿಯಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಕೇರಳದ ಪಾಂಬಾರಿನಿಂದ ಹೆಸರು ಪಡೆದ ಟಾರ್ ರೆಮಾದೇವಿಯೇ ಇದು ಎಂಬುದು ದೇಹಲಕ್ಷಣ, ಮೈಟೊಕಾಂಡ್ರಿಯದ ಜೀನ್‌ಗಳನ್ನು ಹೋಲಿಸಿದ ಮೇಲೆ, 2018ರಲ್ಲಿ ಗೊತ್ತಾಯಿತು. ಅದೇ ವರ್ಷ ಅದು ಅಳಿವಿನ ಅಂಚಿನ ಪಟ್ಟಿಗೂ ಸೇರಿತು.

‘ಹೊಳೆಯಲ್ಲಿ ಮಹಶೀರ್ ಇದೆಯಲ್ಲ, ಯಾವುದಾದರೇನು?’ ಎನ್ನಬಹುದು. ಗಾಳ ಹಾಕುವವನಿಗೆ ಆ ಮಾತು ಸಾಕು. ಆದರೆ ಕಾಪಾಡುತ್ತೇನೆಂದು ಹೊರಟವನಿಗೆ ಸಾಲದು. ಅವನು ಉಳಿಸಿದ್ದು ಒಂದು ಹೆಸರನ್ನು. ಕಳೆದದ್ದು ಆ ಹೆಸರಿನಡಿ ಬದುಕಿದ್ದ ಜೀವವನ್ನು. ಯಾರಿಗೆ ಎಂದು ತಿಳಿಯದೆ ಮಾಡಿದ ಉಪಕಾರ, ಮನಸ್ಸು ಎಷ್ಟೇ ಒಳ್ಳೆಯದಿದ್ದರೂ, ಅರ್ಧ ಉಪಕಾರ.

ಹಾಗಾಗಿ ಜೀನೋಮ್ ಓದುವುದು ನನಗೆ ಬರೀ ಪ್ರಯೋಗಾಲಯದ ಕೆಲಸವಾಗಿ ಕಾಣುವುದಿಲ್ಲ. ಮೀನಿನ ಮೈಟೊಕಾಂಡ್ರಿಯದ್ದು ಸುಮಾರು ಹದಿನಾರೂವರೆ ಸಾವಿರ ಅಕ್ಷರಗಳ, 37 ಜೀನ್‌ಗಳ ಪುಟ್ಟ ಪುಸ್ತಕ. ಅದನ್ನು ಓದುವುದೆಂದರೆ ಕೈಹಾಕುವ ಮುಂಚೆ ‘ನೀನು ಯಾರು?’ ಎಂದು ಕೇಳುವುದು. ಆದರೆ ಆ ಪುಸ್ತಕ ತಾಯಿಯಿಂದ ಮಾತ್ರ ಬರುತ್ತದೆ. ಡುಬ್ಬದ ತಾಯಿಗೂ ಖುದ್ರೀ ತಂದೆಗೂ ಮರಿ ಹುಟ್ಟಿದರೆ ಅದರಲ್ಲಿ ತಂದೆಯ ಸುಳಿವೇ ಇರದು. ಕೋಶಕೇಂದ್ರದ ಡಿಎನ್‌ಎಯನ್ನೂ ಓದಬೇಕು, ಹೊಳೆಯನ್ನೂ ನೋಡಬೇಕು, ಬೆಸ್ತರನ್ನೂ ಕೇಳಬೇಕು.

ವಲಸಿಗರಾದ ನಮಗೆ ಇಲ್ಲೊಂದು ಎಚ್ಚರ ಬೇಕು. ಈ ಕಥೆಯನ್ನು ‘ಹೊರಗಿನವರು, ಒಳಗಿನವರು’ ಎಂಬ ಜಗಳಕ್ಕೆ ಎಳೆಯುವುದು ಸುಲಭ, ಆದರೆ ತಪ್ಪು. ಕನ್ನಡಿಗ, ಮರಾಠಿಗ ಬೇರೆ ಬೇರೆ ಜೀವಜಾತಿಗಳಲ್ಲ. ಹೊಟ್ಟೆಪಾಡಿಗೆ ನಾವೇ ಹೊರಟು ಬಂದೆವು; ಖುದ್ರೀ ಮರಿಯನ್ನು ಯಾರೂ ಕೇಳಲಿಲ್ಲ. ಅದರ ಮೇಲೆ ತಪ್ಪು ಹೊರಿಸುವಂತಿಲ್ಲ. ಹೊತ್ತೊಯ್ದು ಬಿಟ್ಟ ಕೈಗಳದೇ ಹೊಣೆ, ಇನ್ನು ಮುಂದೆ ಬಿಡಲಿರುವ ಕೈಗಳದೂ.