ಮಾತು ಬೇರೆಯಾದರೆ ಆಚಾರವೂ ಬೇರೆಯೆ?

ಗಡಿನಾಡಿನ ನಮ್ಮ ಸದ್ಭಕ್ತರ ಮನೆಗಳಲ್ಲಿ ಸಂಬಂಧ ನೋಡುವ ಕಾಲಕ್ಕೆ ಒಂದು ಮಾತು ಕೇಳಿಬರುತ್ತದೆ. "ಹುಡುಗಿ ಲಾತೂರಿನ ಕಡೆಯವಳು, ಮನೆಯಲ್ಲಿ ಮರಾಠಿ. ಲಿಂಗಪೂಜೆ, ಆಚಾರ ಅವಳಿಗೇನು ಗೊತ್ತಿದ್ದೀತು?" ಅದೂ ಲಿಂಗಧಾರಣೆ ಮಾಡಿದ ಮನೆತನವೇ, ಆದರೂ ಅನುಮಾನ. ಕನ್ನಡವೂ ಧರ್ಮವೂ ಒಂದೇ ಎಂದು ವಿಚಾರ ಮಾಡದೆ ನಂಬಿದ್ದರ ಫಲವಿದು.

ಮರಾಠವಾಡದ ಲಿಂಗಾಯತ ಮನೆಗಳಲ್ಲಿ 'ಪರಮರಹಸ್ಯ' ಗ್ರಂಥದ ಪಾರಾಯಣ ನಡೆಯುತ್ತದೆ. ಅದನ್ನು ಬರೆದವರು 16ನೆಯ ಶತಮಾನದ ಮನ್ಮಥ ಸ್ವಾಮಿಗಳು, ಬರೆದದ್ದು ಮರಾಠಿಯಲ್ಲಿ. ಬೀಡ ಜಿಲ್ಲೆಯ ಕಪಿಲಧಾರದಲ್ಲಿ ಅವರ ಸಮಾಧಿಯಿದೆ. ಇನ್ನು ಬಸವಪುರಾಣದ ಸಂಗತಿ. ನಾವು ಕನ್ನಡದಲ್ಲಿ ಓದುವ ಭೀಮಕವಿಯ ಬಸವಪುರಾಣ ಮುಗಿದದ್ದು 1369ರಲ್ಲಿ. ಅದಕ್ಕೂ ಮೊದಲೇ, 13ನೆಯ ಶತಮಾನದಲ್ಲಿ, ಪಾಲ್ಕುರಿಕೆ ಸೋಮನಾಥ ಅದನ್ನು ತೆಲುಗಿನಲ್ಲಿ ರಚಿಸಿದ್ದ. ಭೀಮಕವಿಗೆ ಆಧಾರವಾದದ್ದು ಆ ತೆಲುಗು ಕಾವ್ಯವೇ. ರಾಯದುರ್ಗ, ಆದವಾನಿಯ ಕಡೆ ತೆಲುಗು ಮಾತಾಡುವ ಭಕ್ತರನ್ನು 'ಅರ್ಧ ಲಿಂಗಾಯತರು' ಎಂದು ಹಾಸ್ಯ ಮಾಡುವವರು ಇದನ್ನು ಸ್ವಲ್ಪ ನೆನೆಯಬೇಕು. ಸೊಲ್ಲಾಪುರದಲ್ಲಿ ಸಂಕ್ರಾಂತಿಗೆ ಸಿದ್ಧರಾಮ ಶಿವಯೋಗಿಗಳ ಜಾತ್ರೆಯಲ್ಲಿ ನಂದಿಧ್ವಜಗಳು ಹೊರಟಾಗ ಪಕ್ಕದಲ್ಲಿ ನಿಂತವನ ಮನೆಮಾತು ಯಾವುದೆಂದು ಯಾರೂ ಕೇಳುವುದಿಲ್ಲ. ಜಾತ್ರೆ ಮುಗಿದ ಮೇಲೆ ಕೇಳುತ್ತೇವೆ.

ನಮ್ಮನ್ನು ಬೇರೆಯವರು ಹೀಗೆ ಅಳೆದಾಗ ನಮಗೆ ನೋವಾಗುತ್ತದೆ. ಮಹಾರಾಷ್ಟ್ರದಲ್ಲಿ ಲಿಂಗಾಯತರೆಂದರೆ 'ವಾಣಿ', ಅಂದರೆ ಅಂಗಡಿಕಾರ. ಜತ್ತ, ಅಕ್ಕಲಕೋಟೆಯ ಕಡೆ ಮಳೆ ನಂಬಿ ಜೋಳ, ತೊಗರಿ ಬೆಳೆಯುವ ನಮ್ಮ ರೈತನೂ ಆ ಹೆಸರಿನಿಂದ ದುಡ್ಡಿನ ಮನುಷ್ಯನಾಗಿಬಿಡುತ್ತಾನೆ. ಸಾಲದ ಹೊರೆಯಲ್ಲಿರುವವನಿಗೆ ಈ ಮಾತು ಸಣ್ಣದಲ್ಲ. ಆದರೆ ನಾವೇನು ಮಾಡುತ್ತೇವೆ? ಮರಾಠಾ ಮನೆಯೆಂದರೆ ಮಾಂಸದಡಿಗೆಯ ಮನೆಯೆಂದು ತಿಳಿದು ನೀರಿಗೂ ಹಿಂಜರಿಯುತ್ತೇವೆ. ಕೊರಳಲ್ಲಿ ತುಳಸಿಮಾಲೆ ಧರಿಸಿ ಆಷಾಢದಲ್ಲಿ ಪಂಢರಪುರಕ್ಕೆ ನಡೆಯುವ ವಾರಕರಿ ಮಾಂಸ, ಮದ್ಯ ಬಿಟ್ಟವನು. ಅಂಥವರಲ್ಲಿ ಮರಾಠಾ ರೈತರು ಎಷ್ಟೋ ಜನ. ಅಡತಿ ಅಂಗಡಿಯಲ್ಲಿ ಚೀಲದ ಮೇಲಿನ ಹೆಸರು ನೋಡಿ ಯಾರೂ ಧಾರಣೆ ಹೇಳುವುದಿಲ್ಲ, ಕಾಳು ತೆಗೆದು ಅಂಗೈಯಲ್ಲಿ ಹಾಕಿ ನೋಡುತ್ತಾರೆ. ಮನುಷ್ಯರ ವಿಷಯದಲ್ಲಿ ಮಾತ್ರ ಹೆಸರೇ ಸಾಕಾಗುತ್ತದೆ.

ಹಾಗಾದರೆ ಎಲ್ಲರ ಎಲ್ಲ ಪದ್ಧತಿಗಳೂ ಸರಿ, ಯಾರನ್ನೂ ಏನೂ ಕೇಳಬಾರದು ಎಂದೇ? ಹಾಗೆ ಹೇಳಲಾಗದು. 'ಅದು ಅವರ ಪದ್ಧತಿ' ಎಂದು ಕೈತೊಳೆದುಕೊಳ್ಳುವುದು ಗೌರವದಂತೆ ಕಂಡರೂ ಅದರಲ್ಲಿ ಅಲಕ್ಷ್ಯವಿದೆ. ನಡೆಯನ್ನು ಕೇಳಬೇಕು, ಅವರದನ್ನೂ ನಮ್ಮದನ್ನೂ. ಮರಾಠಿಯಲ್ಲಿ ಹುಂಡಾ ಎನ್ನುತ್ತಾರೆ, ಕನ್ನಡದಲ್ಲಿ ವರದಕ್ಷಿಣೆ. ಎರಡರಲ್ಲೂ ಹೆಣ್ಣು ಹೆತ್ತವನ ಹೊಲ ಒತ್ತೆಗೆ ಬೀಳುತ್ತದೆ. 1961ರಿಂದಲೇ ಅದನ್ನು ನಿಷೇಧಿಸುವ ಕಾಯ್ದೆಯಿದೆ. ಹುಡುಗಿಯ ಮನೆಮಾತಿನ ಬಗ್ಗೆ ಅಷ್ಟು ಶೋಧಿಸುವ ಹಿರಿಯರು ಕೊಡುವ-ಕೊಳ್ಳುವ ಮಾತಿಗೆ ಕುಳಿತಾಗ ಭಾಷೆಯ ಅಡ್ಡಿ ಹೇಳಿದ್ದನ್ನು ಯಾರೂ ಕೇಳಿಲ್ಲ. ಅಲ್ಲಿ ಮಾತ್ರ ಒಬ್ಬರ ಮಾತು ಇನ್ನೊಬ್ಬರಿಗೆ ಚೆನ್ನಾಗಿ ತಿಳಿಯುತ್ತದೆ.