ಎಳೆದಾಗ ಕಾಣದ ಬಿರುಕು

ಚಾರ್ಮಾಡಿ ಘಾಟಿ ಹತ್ತುವಾಗ ನಮ್ಮ ಫಿಯೆಟ್ ಒಂದಲ್ಲ ಒಂದು ತಿರುವಿನಲ್ಲಿ ನಿಂತೇ ನಿಲ್ಲುತ್ತಿತ್ತು. ಏಪ್ರಿಲ್ ರಜೆಯಲ್ಲಿ ಉಜಿರೆಯಿಂದ ಮೂಡಿಗೆರೆಯ ಅಜ್ಜನ ಮನೆಗೆ ಹೊರಟ ದಿನಗಳವು. ಅಪ್ಪ ಬಾನೆಟ್ ಎತ್ತಿ, ಹೆಗಲ ಮೇಲಿನ ಬೈರಾಸನ್ನು ನೀರಲ್ಲಿ ನೆನೆಸಿ, ಇಂಜಿನ್ನಿನ ಮಗ್ಗುಲಲ್ಲಿದ್ದ, ಪೆಟ್ರೋಲ್ ಎಳೆಯುವ ಎಸಿ ಪಂಪಿಗೆ ಸುತ್ತುತ್ತಿದ್ದರು. “ಏರ್ ಲಾಕ್ ಆಗಿದೆ, ಅರ್ಧ ಗಂಟೆ ಸುಮ್ಮನೆ ಕೂತ್ಕೊಳ್ಳಿ” ಎನ್ನುತ್ತಿದ್ದರು. ಊರಿಗೆ ಮರಳಿದ ಮೇಲೆ ಆ ಪಂಪಿಗೆ ಹೊಸ ಕಿಟ್ ಹಾಕಿಸುವುದು. ಮುಂದಿನ ಬೇಸಿಗೆಯಲ್ಲಿ ಮತ್ತೆ ಅದೇ ಬೈರಾಸು. ಗಾಡಿ ಒಳ್ಳೆಯದು, ಪಂಪು ಮಾತ್ರ ಸರಿಯಿಲ್ಲ ಎಂಬ ತೀರ್ಪು ನಮ್ಮ ಮನೆಯಲ್ಲಿ ಎಂದೋ ಆಗಿಹೋಗಿತ್ತು.

ಅದು 1982ರ ಪ್ರೀಮಿಯರ್ ಪದ್ಮಿನಿ. ಮುಂಬಯಿಯ ಕುರ್ಲಾ ಕಾರ್ಖಾನೆಯಲ್ಲಿ 1964ರಿಂದ ಫಿಯೆಟ್ 1100 ಡಿಲೈಟ್ ಆಗಿ ತಯಾರಾದ ಈ ಕಾರಿಗೆ 1974ರಲ್ಲಿ ಪದ್ಮಿನಿ ಎಂಬ ಹೆಸರು ಬಂತು. ಆದರೂ ನಮ್ಮ ಕಡೆಯ ಬಾಯಲ್ಲಿ ಅದು ಕೊನೆಯವರೆಗೂ ಫಿಯೆಟ್ಟೇ. 1089 ಸಿಸಿಯ ಇಂಜಿನ್ನು, ಸುಮಾರು ನಲವತ್ತು ಕುದುರೆಗಳ ಬಲ. ಅಪ್ಪ ಅದನ್ನು ನನ್ನ ಕೈಗೆ ಕೊಟ್ಟ ಮೇಲೆ ನಾನು ಅದೇ ಇಂಜಿನ್ ಉಳಿಸಿಕೊಂಡು, ಹಳೆಯ ಕಾರ್ಬುರೇಟರ್ ತೆಗೆದು ಎರಡು ಬ್ಯಾರಲ್ಲಿನ ವೆಬರ್ ಕೂರಿಸಿದೆ. ಹಾಗೆಯೇ ಆ ಕುಖ್ಯಾತ ಎಸಿ ಪಂಪನ್ನು ಬಿಚ್ಚಿ ಡಬ್ಬಿಯೊಂದರಲ್ಲಿಟ್ಟು, ಹಿಂದೆ ಟ್ಯಾಂಕಿನ ಬಳಿ ಎಲೆಕ್ಟ್ರಿಕ್ ಪಂಪು ಹಾಕಿಸಿದೆ. ಪೈಪು, ಹೋಸು, ಕ್ಲಿಪ್ಪುಗಳು ಹಳೆಯವೇ ಇರಲಿ ಎಂದೆ. ಮುಖ್ಯವಾದುದು ಪಂಪು, ಉಳಿದದ್ದೆಲ್ಲ ದಾರಿ ಎಂಬುದು ಆಗ ನನ್ನ ತಿಳಿವಳಿಕೆ.

ಮರುದಿನ ಬೆಳಿಗ್ಗೆ ಕೀಲಿ ತಿರುಗಿಸಿದೆ. ಪಂಪು ಟಿಕ್ ಟಿಕ್ ಎಂದಿತು. ಅದರ ಹಿಂದೆಯೇ ಶೆಡ್ಡಿನ ತುಂಬ ಪೆಟ್ರೋಲ್ ವಾಸನೆ. ಕೀಲಿ ಆರಿಸಿ ಕೆಳಗೆ ಬಗ್ಗಿ ನೋಡಿದರೆ ಹಿಂದಿನ ಆಕ್ಸಲ್ ಹತ್ತಿರ, ಲೋಹದ ಪೈಪಿಗೆ ರಬ್ಬರ್ ಹೋಸು ಕೂಡುವಲ್ಲಿ, ಹನಿಯೊಂದು ತೂಗುತ್ತಿತ್ತು. ಹೊಸ ಪಂಪಿನ ಮೇಲೆ ನನಗೆ ಸಿಟ್ಟು ಬಂತು. ನಲವತ್ತು ವರ್ಷ ಒಂದು ಹನಿ ಸೋರದ ಗಾಡಿ, ಇದು ಬಂದ ಮರುದಿನವೇ ಸೋರುತ್ತಿದೆ ಎಂದು ಪಂಪು ಹಾಕಿದ ಮೇಸ್ತ್ರಿಗೆ ಫೋನು ಮಾಡಿದೆ.

ಮೇಸ್ತ್ರಿ ಬಂದು ಗಾಡಿಯಡಿ ಮಲಗಿ, ಆ ಹೋಸನ್ನು ಬೆರಳಿನಿಂದ ಮಡಚಿ ತೋರಿಸಿದರು. ಒಳಮೈಯಲ್ಲಿ ಹಲ್ಲಿಯ ಬೆನ್ನಿನಂಥ ಬಿರುಕುಗಳು. “ಇದು ನಿನ್ನೆಯದಲ್ಲ ಸಾರ್, ಬಹಳ ಹಳೇದು. ಆಗ ಗಾಳಿ ಎಳೀತಿತ್ತು. ಈಗ ಪೆಟ್ರೋಲ್ ಬಿಡ್ತಿದೆ. ಅಷ್ಟೇ.”

ಆ ಎರಡು ವಾಕ್ಯಗಳ ನಡುವೆ ನಮ್ಮ ನಲವತ್ತು ವರ್ಷಗಳ ತಪ್ಪು ತೀರ್ಪು ಬಯಲಾಯಿತು. ಎಸಿ ಪಂಪು ಇಂಜಿನ್ನಿಗೆ ಅಂಟಿಕೊಂಡಿರುತ್ತದೆ. ಕ್ಯಾಮ್ ಶಾಫ್ಟ್ ಅದರ ಲಿವರನ್ನು ಒತ್ತಿದಾಗಲೆಲ್ಲ ಒಳಗಿನ ಡಯಾಫ್ರಮ್ ಚಲಿಸಿ, ಗಾಡಿಯ ಹಿಂತುದಿಯ ಟ್ಯಾಂಕಿನಿಂದ ಪೆಟ್ರೋಲನ್ನು ಎಳೆದುಕೊಳ್ಳುತ್ತದೆ. ಎಳೆತದಲ್ಲಿರುವ ಕೊಳವೆಯ ಸಂದಿ ಸಡಿಲವಾದರೆ ಪೆಟ್ರೋಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ನೆಲದ ಮೇಲೆ ಕಲೆಯಿಲ್ಲ, ವಾಸನೆಯಿಲ್ಲ. ಇಂಜಿನ್ನಿಗೆ ಮಾತ್ರ ಬಲ ಸಾಲದು. ಘಾಟಿಯ ಬಿಸಿ ಸುಳ್ಳಲ್ಲ. ಎಳೆತಕ್ಕೆ ಸಿಕ್ಕ ಪೆಟ್ರೋಲ್ ಕಡಿಮೆ ಬಿಸಿಗೇ ಆವಿಯಾಗುತ್ತದೆ. ಆದರೆ ಬಿರುಕುಗಳಿಂದ ನುಸುಳಿದ ಗಾಳಿ ಆ ಆವಿಗೆ ಜೊತೆಗೂಡಿದಾಗ, ಎಷ್ಟು ಗಟ್ಟಿಯ ಡಯಾಫ್ರಮ್ಮಾದರೂ ಏನನ್ನು ಎಳೆದೀತು? ನಲವತ್ತು ಕುದುರೆಯ ಇಂಜಿನ್ ಪೂರ್ತಿ ಬಲದಲ್ಲಿ ಓಡಿದರೂ ಬೇಕಾಗುವುದು ಗಂಟೆಗೆ ಹನ್ನೆರಡು ಹದಿಮೂರು ಲೀಟರ್, ಅಂದರೆ ನಿಮಿಷಕ್ಕೆ ಒಂದು ಲೋಟ. ಅಷ್ಟನ್ನು ಕೊಡಲು ಆ ಪಂಪಿಗೆ ಶಕ್ತಿಯಿತ್ತು. ಟ್ಯಾಂಕಿನ ಬಳಿಯ ಹೊಸ ಪಂಪು ಎಳೆಯುವ ಬದಲು ತಳ್ಳಿತು. ತಳ್ಳಿದೊಡನೆ ಒಳಗಿದ್ದ ದೋಷ ಹನಿಯಾಗಿ ಹೊರಗೆ ಬಂತು.

ಈ ಮಾತು ನನ್ನನ್ನು ಗಾಡಿಯ ಆಚೆಗೂ ಕರೆದೊಯ್ದಿತು. ಮೂಡಿಗೆರೆಯ ಅಜ್ಜನ ಮನೆ ನಾನು ಹೈಸ್ಕೂಲಿನಲ್ಲಿದ್ದಾಗ ಪಾಲಾಯಿತು. ಚಿಕ್ಕಮ್ಮ ಮದುವೆಯಾಗಿ ಬಂದು ಆಗ ಎರಡು ವರ್ಷವಾಗಿರಲಿಲ್ಲ. ಅಡುಗೆಮನೆಯ ಖರ್ಚು ಎಷ್ಟು, ತೋಟದ ಲೆಕ್ಕ ಯಾರ ಬಳಿ, ಚಿಕ್ಕಪ್ಪನ ದುಡಿಮೆಗೆ ಸಂಬಳವೇಕಿಲ್ಲ ಎಂದು ಅವರು ಜಗಲಿಯಲ್ಲಿ ಕೂತು ಕೇಳಿದ್ದರು. “ಅವಳು ಕಾಲಿಟ್ಟ ಮೇಲೆ ಮನೆ ಒಡೆಯಿತು” ಎಂದು ಎಲ್ಲರೂ ಅಂದರು; ಅಪ್ಪನೂ ಅಂದರು. ಯಾರೂ ಕೇಳದಿದ್ದ ಕಾಲದಲ್ಲಿ ಆ ಮನೆ ಗಟ್ಟಿಯಾಗಿತ್ತೇ? ಚಿಕ್ಕಪ್ಪ ಊಟದ ಹೊತ್ತಿಗೆ ಮಾತಾಡುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಮಾತಿಲ್ಲದ್ದನ್ನು ನಾವು ಹೊಂದಾಣಿಕೆ ಎಂದುಕೊಂಡಿದ್ದೆವು. ಹೊರಗೆ ಹನಿ ಬೀಳದಿದ್ದುದರಿಂದ, ಒಳಗೆ ಗಾಳಿ ಹೋಗುತ್ತಿದ್ದುದು ಯಾರ ಗಮನಕ್ಕೂ ಬರಲಿಲ್ಲ.

ಹೊಸದೊಂದು ಬಂದಾಗ ಹಳೆಯದು ಸೋರಿದರೆ ಹೊಸದನ್ನು ದೂರುವುದು ಸುಲಭ. ಹಾಗೆಂದು ಹೊಸದು ತಂದವರ ಹೊಣೆ ಕಡಿಮೆಯಾಗುವುದಿಲ್ಲ. ಒತ್ತಡ ಬರುತ್ತದೆಂದು ತಿಳಿದೂ ಹಳೆಯ ಹೋಸು ಬಿಟ್ಟವನು ನಾನೇ. ಅದಕ್ಕೇ ಮತ್ತೆ ಬೇರಿನಿಂದ ಶುರುಮಾಡಿದೆ.

ಮೊದಲು ರಬ್ಬರ್. 2023ರ ಫೆಬ್ರುವರಿ 6ರಂದು ನಮ್ಮ ಬೆಂಗಳೂರಿನಲ್ಲೇ ಇ20 ಪೆಟ್ರೋಲ್ ಬಿಡುಗಡೆಯಾಯಿತು. ಅದರಲ್ಲಿ ಶೇಕಡ 20ರಷ್ಟು ಎಥನಾಲ್. 1982ರ ರಬ್ಬರಿಗೆ ಇದರ ಪರಿಚಯವಿಲ್ಲ. ಎಥನಾಲಿನಲ್ಲಿ ಅದು ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಅದಕ್ಕೆ ಒಳಪದರದಲ್ಲಿ ಫ್ಲೋರೋ ರಬ್ಬರ್ ಇರುವ, ಮೈಮೇಲೆ ಎಸ್‌ಎಇ 30ಆರ್9 ಎಂದು ಅಚ್ಚಾದ ಹೋಸು ತಂದೆ. ಕ್ಲಿಪ್ಪುಗಳೂ ಒಳಮೈ ನುಣುಪಾದವು. ಗೀರುಗಳಿರುವ ಹಳೆಯ ನಮೂನೆಯವು ಬಿಗಿದಷ್ಟೂ ರಬ್ಬರನ್ನೇ ಕೊಯ್ಯುತ್ತವೆ. ಕಾರ್ಬುರೇಟರಿಗೆ ಬೇಕಾದದ್ದು ಮೂರು ಪಿಎಸ್‌ಐ ಆಸುಪಾಸಿನ ಒತ್ತಡ. ಇಂಜೆಕ್ಷನ್ ಗಾಡಿಗಳ ಪಂಪು ಕೊಡುವ ನಲವತ್ತಕ್ಕೂ ಹೆಚ್ಚು ಪಿಎಸ್‌ಐ ಬಿಟ್ಟರೆ ಫ್ಲೋಟಿನ ಸೂಜಿ ತಡೆಯಲಾರದೆ ಪೆಟ್ರೋಲ್ ಉಕ್ಕಿ ಹರಿಯುತ್ತದೆ. ಹಾಗಾಗಿ ಪಂಪಿನ ಮುಂದೆ ರೆಗ್ಯುಲೇಟರ್. ಎಸಿ ಪಂಪಿಗೆ ಒಂದು ವಿವೇಕವಿತ್ತು: ಇಂಜಿನ್ ನಿಂತರೆ ಅದೂ ನಿಲ್ಲುತ್ತಿತ್ತು. ವಿದ್ಯುತ್ತಿನ ಪಂಪಿಗೆ ಅದು ತಿಳಿಯದು. ಗಾಡಿ ಗುದ್ದಿ ನಿಂತರೂ ಅದು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಹೊಡೆತ ಬಿದ್ದರೆ ತಾನೇ ಕಡಿಯುವ ಇನರ್ಷಿಯಾ ಸ್ವಿಚ್ಚೊಂದನ್ನು ಅದರ ವೈರಿಗೆ ಸೇರಿಸಿದೆವು. ಹಳೆಯದನ್ನು ತೆಗೆಯುವಾಗ ಅದರೊಳಗಿನ ವಿವೇಕವೂ ಹೊರಟುಹೋಗುತ್ತದೆ. ಅದನ್ನು ನೆನಪಿಟ್ಟು ಬೇರೆ ರೂಪದಲ್ಲಿ ತಂದಿಡಬೇಕು.

ಇನ್ನೊಂದು ಪಾಠ ರೆಗ್ಯುಲೇಟರಿನ ಬಳಿ ಸಿಕ್ಕಿತು. ಅದರ ತೂತಿನ ಮರೆ ಮೆಟ್ರಿಕ್, 10 ಮಿಲಿಮೀಟರ್ ಅಗಲ, 1 ಮಿಲಿಮೀಟರ್ ಅಂತರ. ಜೆ.ಸಿ. ರಸ್ತೆಯಲ್ಲಿ ನಾನು ತಂದ ಹಿತ್ತಾಳೆ ನಿಪ್ಪಲ್ಲಿನದು ಬ್ರಿಟಿಷ್ ಅಳತೆಯ ಎಂಟನೇ ಒಂದು ಇಂಚಿನ ಬಿಎಸ್‌ಪಿ, ಇಂಚಿಗೆ 28 ಮರೆ. ಕಣ್ಣಿಗೆ ಎರಡೂ ಒಂದೇ. ಮೊದಲ ಎರಡು ಮೂರು ಸುತ್ತು ಬೆರಳಲ್ಲೇ ಹೋಯಿತು, ಆಮೇಲೆ ಬಿಗಿಯಾಯಿತು. ಬಿಗಿಯನ್ನು ನಾನು ಭದ್ರತೆ ಎಂದುಕೊಂಡು ಸ್ಪ್ಯಾನರ್ ಹಾಕಿದೆ. ಅಲ್ಯೂಮಿನಿಯಂ ಮರೆ ಕಿತ್ತುಬಂತು. ಎರಡು ಸುತ್ತಿನ ಹೊಂದಾಣಿಕೆ ಸಂಬಂಧವಲ್ಲ; ಮೂರನೆಯ ಸುತ್ತಿನಲ್ಲಿ ಬಿಗಿಯಾದಾಗ ಕೈ ತಡೆದು, ಬಿಚ್ಚಿ, ನಮ್ಮ ನಮ್ಮ ಅಳತೆ ಕೇಳಿಕೊಳ್ಳಬೇಕು.

ಮೇಸ್ತ್ರಿ ಆಗ ಬೇರೆ ರೆಗ್ಯುಲೇಟರಿನ ಜೊತೆ, ಒಂದು ಕಡೆ ಮೆಟ್ರಿಕ್, ಇನ್ನೊಂದು ಕಡೆ ಬಿಎಸ್‌ಪಿ ಮರೆಯಿರುವ ಅಡಾಪ್ಟರ್ ತಂದರು. ಅದನ್ನು ನೋಡುತ್ತ ನನಗೆ ಶಾಲೆಯ ವ್ಯಾಕರಣ ನೆನಪಾಯಿತು. ಊರು ಮತ್ತು ಅಲ್ಲಿ ಸೇರಿ ಊರಲ್ಲಿ ಆಗುವಾಗ ಒಂದು ಸ್ವರ ಇಲ್ಲವಾಗುತ್ತದೆ; ಅದು ಲೋಪ. ಮಳೆ ಮತ್ತು ಕಾಲ ಸೇರಿ ಮಳೆಗಾಲವಾಗುವಾಗ ಒಂದು ಅಕ್ಷರ ತನ್ನ ರೂಪ ಬದಲಿಸುತ್ತದೆ, ಅದು ಆದೇಶ. ಮನೆ ಮತ್ತು ಅಲ್ಲಿ ಸೇರುವಾಗ ಯಾರೂ ಏನನ್ನೂ ಕಳೆದುಕೊಳ್ಳುವುದಿಲ್ಲ, ನಡುವೆ ಒಂದು ಯಕಾರ ಬಂದು ಇಬ್ಬರ ಕೈ ಹಿಡಿಯುತ್ತದೆ, ಅದು ಆಗಮ. ಎಲ್ಲ ಸಂಧಿಯೂ ಆದೇಶಸಂಧಿಯೇ ಆಗಬೇಕೆಂದು, ಬಂದವರೇ ಬದಲಾಗಬೇಕೆಂದು ನಮ್ಮ ಮನೆಗಳು ಬಯಸಿದ್ದವು. ಅಂಗೈಯಲ್ಲಿದ್ದ ಆ ಹಿತ್ತಾಳೆಯ ತುಂಡು ಒಂದು ಯಕಾರ. ಮೂಡಿಗೆರೆಯ ಜಗಲಿಯಲ್ಲಿ ಅಂಥವರು ಒಬ್ಬರೂ ಇರಲಿಲ್ಲ.

ಅಡಾಪ್ಟರಿನಡಿ ಕೂರುವ ತಾಮ್ರದ ವಾಷರನ್ನು ಮೇಸ್ತ್ರಿ ಸ್ಟವ್ವಿನ ಮೇಲೆ ಕೆಂಪಗೆ ಕಾಯಿಸಿದರು. ಒಮ್ಮೆ ಒತ್ತಡಕ್ಕೆ ಸಿಕ್ಕ ತಾಮ್ರ ಗಡುಸಾಗುತ್ತದೆ. ಕಾಯಿಸಿದರೆ ಮತ್ತೆ ಮೆತ್ತಗಾಗುತ್ತದೆ. ಆ ಕೂಡಿಕೆಯಲ್ಲಿ ಮರೆಗಳು ಹಿಡಿದುಕೊಳ್ಳುತ್ತವೆ, ಅಷ್ಟೇ. ಸೋರದಂತೆ ತಡೆಯುವುದು ಎರಡು ಗಟ್ಟಿ ಮೈಗಳ ನಡುವೆ ಬಗ್ಗಿಕೊಡುವ ಆ ಮೆದು ಉಂಗುರ.

ಕೆಲಸ ಮುಗಿದ ಸಂಜೆ ಅಪ್ಪ ಶೆಡ್ಡಿಗೆ ಬಂದು ಕುರ್ಚಿ ಹಾಕಿಕೊಂಡು ಕೂತರು. ಗಾಳಿಯ ಕತೆಯನ್ನು ಅವರಿಗೆ ಹೇಳಿದೆ. ಡಬ್ಬಿಯಲ್ಲಿದ್ದ ಎಸಿ ಪಂಪನ್ನು ಕೇಳಿ ತೆಗೆಸಿಕೊಂಡರು. ಪೆಟ್ರೋಲ್ ಒಳಬರುವ ಬಾಯಿಯನ್ನು ಹೆಬ್ಬೆರಳಿಂದ ಮುಚ್ಚಿ, ಇನ್ನೊಂದು ಕೈಯಿಂದ ಲಿವರನ್ನು ನಾಲ್ಕು ಸಲ ಒತ್ತಿದರು. ಬೆರಳು ಅಂಟಿಕೊಂಡಿತು. ಎಳೆದು ಬಿಡಿಸಿದಾಗ ಚಪ್ ಎಂಬ ಸದ್ದಾಯಿತು, ಚರ್ಮದ ಮೇಲೆ ಗುಂಡನೆಯ ಗುರುತು ಉಳಿಯಿತು. ಅವರು ಆ ಗುರುತನ್ನೇ ಬಹಳ ಹೊತ್ತು ನೋಡಿದರು.

“ಇದ್ರದ್ದೇನೂ ತಪ್ಪಿರ್ಲಿಲ್ಲ ಕಣೋ” ಅಂದರು. “ನಾವು ಸುಮ್ನೆ ಬೈದ್ವು.”